ಬಾರ್ಸೆಲೋನಾದ ಗಾಂಜಾ ಸಂಘ: ಸದಸ್ಯತ್ವಕ್ಕೆ ಸಹಿ ಹಾಕುವ ಮೊದಲು

ಬಾರ್ಸೆಲೋನಾಕ್ಕೆ ಹೊರಟಿದ್ದೇನೆಂದು ತಿಳಿದಾಗ ಸಗ್ರಾದಾ ಫಮೀಲಿಯಾ ಚರ್ಚಿನ ಟಿಕೆಟ್ ಮೊದಲೇ ತೆಗೆದಿಡು, ಜೇಬುಗಳ್ಳರ ಬಗ್ಗೆ ಎಚ್ಚರವಿರು ಎಂದವರು ಅನೇಕರು. ಅವರಲ್ಲಿ ಇಬ್ಬರು ಮೂವರು ಮಾತ್ರ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದರು: ಅಲ್ಲಿ ಗಾಂಜಾ ಸೇದುವ ಕ್ಲಬ್‌ಗಳಿವೆಯಂತೆ, ಹೊರಗಿನವರನ್ನೂ ಸೇರಿಸಿಕೊಳ್ಳುತ್ತಾರಂತೆ, ನಿಜವೇ? ಕಳೆದ ಅಕ್ಟೋಬರಿನಲ್ಲಿ ಅಂಥದೊಂದು ಸಂಘಕ್ಕೆ ಸದಸ್ಯನಾಗಿ, ಎರಡು ಸಂಜೆ ಅಲ್ಲಿ ಕುಳಿತು, ಊರಿಗೆ ಮರಳುವ ಮೊದಲು ಸದಸ್ಯತ್ವ ಬಿಟ್ಟು ಬಂದವನಾಗಿ ಹೇಳುವುದಾದರೆ, ನಿಜ. ಆದರೆ ಆ 'ನಿಜ'ಕ್ಕೆ ಅಂಟಿಕೊಂಡಿರುವ ಷರತ್ತುಗಳನ್ನು ತಿಳಿಯದೆ ಹೋಗುವುದು ಜಾಣತನವಲ್ಲ. ಅದೇ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಸೇದಿರೆಂದು ಯಾರನ್ನೂ ಹುರಿದುಂಬಿಸುವ ಉದ್ದೇಶ ನನಗಿಲ್ಲ.

ಮೊದಲಿಗೆ ಹೆಸರಿನ ವಿಚಾರ. ನಾವು ಕ್ಲಬ್ ಎನ್ನುವುದನ್ನು ಅಲ್ಲಿಯವರು ಕಾಗದಪತ್ರಗಳಲ್ಲಿ 'ಅಸೋಸಿಯಾಸಿಯೋನ್' ಎನ್ನುತ್ತಾರೆ, ಅಂದರೆ ನೋಂದಾಯಿತ ಸಂಘ. ಲಾಭದ ಉದ್ದೇಶವಿಲ್ಲದ, ಪದಾಧಿಕಾರಿಗಳೂ ಸದಸ್ಯರ ಪಟ್ಟಿಯೂ ಇರುವ, ಸದಸ್ಯರ ದುಡ್ಡಿನಿಂದ ಸದಸ್ಯರಿಗಷ್ಟೇ ನಡೆಯಬೇಕಾದ ಸಂಘ. ಸ್ಪೇನಿನಲ್ಲಿ ವಯಸ್ಕನೊಬ್ಬ ಖಾಸಗಿ ಜಾಗದಲ್ಲಿ ತನ್ನ ಪಾಡಿಗೆ ಗಾಂಜಾ ಸೇದುವುದು ಅಪರಾಧವಲ್ಲ, ಮಾರುವುದು ಅಪರಾಧ. ಈ ಎರಡರ ನಡುವಿನ ಸಂದಿಯಲ್ಲಿ ಈ ಸಂಘಗಳು ಹುಟ್ಟಿಕೊಂಡವು: ಒಬ್ಬ ತನಗಾಗಿ ಬೆಳೆದುಕೊಳ್ಳಬಹುದಾದರೆ ನೂರು ಜನ ಕೂಡಿ ತಮಗಾಗಿ ಏಕೆ ಬೆಳೆಯಬಾರದು ಎನ್ನುವುದು ಅವರ ವಾದ. 1991ರಲ್ಲಿ ಬಾರ್ಸೆಲೋನಾದಲ್ಲಿ ಆರಂಭವಾದ ಅರ್ಸೆಕ್ ಎಂಬ ಸಂಘ 1993ರಲ್ಲಿ ತಾರಾಗೋನಾ ಪ್ರಾಂತದಲ್ಲಿ ಬಹಿರಂಗವಾಗಿಯೇ ಗಿಡ ನೆಟ್ಟು ಈ ವಾದವನ್ನು ಒರೆಗೆ ಹಚ್ಚಿತು. ಪೊಲೀಸರು ಬೆಳೆಯನ್ನು ಕಿತ್ತರು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1997ರಲ್ಲಿ ಸಂಘದವರಿಗೆ ದಂಡ ಬಿತ್ತು.

ಆಮೇಲೂ ಸಂಘಗಳು ನೂರಾರು ಹುಟ್ಟಿದವು; ಆದರೆ ಕಾನೂನು ಅವುಗಳ ಕೈ ಹಿಡಿಯಲಿಲ್ಲ. ಎಲ್ಲರಿಗೂ ಬಾಗಿಲು ತೆರೆದು ದೊಡ್ಡ ಪ್ರಮಾಣದಲ್ಲಿ ಬೆಳೆದು ಹಂಚುವ ಸಂಘದ ಕೆಲಸ ಮಾದಕ ವಸ್ತು ಮಾರಾಟಕ್ಕೆ ಸಮ ಎಂದು 2015ರಲ್ಲಿ ಸ್ಪೇನಿನ ಸುಪ್ರೀಂ ಕೋರ್ಟ್ ಹೇಳಿತು. 2017ರಲ್ಲಿ ಬಾರ್ಸೆಲೋನಾ ಇರುವ ಕೆಟಲೋನಿಯಾ ರಾಜ್ಯದ ಶಾಸನಸಭೆ ಸಂಘಗಳಿಗಾಗಿಯೇ ಒಂದು ಕಾಯ್ದೆ ತಂದರೆ, ಅಪರಾಧ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕಲ್ಲ, ಕೇಂದ್ರಕ್ಕೆ ಸೇರಿದ್ದು ಎಂದು ಸಂವಿಧಾನ ನ್ಯಾಯಾಲಯ 2018ರಲ್ಲಿ ಅದನ್ನು ರದ್ದುಮಾಡಿತು. ಕೇಂದ್ರ, ರಾಜ್ಯಗಳ ಈ ಬಗೆಯ ಜಗ್ಗಾಟ ನಮಗೇನೂ ಹೊಸದಲ್ಲ. 2021ರಲ್ಲಿ ಬಾರ್ಸೆಲೋನಾ ನಗರಾಡಳಿತದ ನಿಯಮಾವಳಿಯೂ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಆದ್ದರಿಂದ ಈಗ ನೀವು ಕಾಲಿಡುವ ಸಂಘ ಕಾನೂನುಬದ್ಧ ಅಂಗಡಿಯೂ ಅಲ್ಲ, ಕಳ್ಳ ಅಡ್ಡೆಯೂ ಅಲ್ಲ. ಇಂದು ತೆರೆದಿರುವುದು ನಾಳೆ ತಪಾಸಣೆಯಾಗಿ ಬೀಗ ಬಿದ್ದಿರಬಹುದು. ಪ್ರವಾಸದ ಮುಖ್ಯ ಕಾರಣವನ್ನಾಗಿ ಇದನ್ನು ಇಟ್ಟುಕೊಳ್ಳಬೇಡಿ ಎನ್ನಲು ಇದೊಂದೇ ಸಾಕು.

ಬೇರೆ ದೇಶಗಳಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿಗೆ ಚುಟುಕಾಗಿ ಹೇಳುತ್ತೇನೆ. ಉರುಗ್ವೆಯ ಕ್ಲಬ್‌ಗಳು ಅಲ್ಲಿನ ನಿವಾಸಿಗಳಿಗೆ ಮಾತ್ರ. ಮಾಲ್ಟಾದ್ದೂ ಹಾಗೆಯೇ. ಜರ್ಮನಿಯಲ್ಲಿ 2024ರ ಜುಲೈ 1ರಿಂದ ಗಾಂಜಾ ಬೆಳೆಯುವ ಸಂಘಗಳಿಗೆ ಅವಕಾಶ ಸಿಕ್ಕಿದೆಯಾದರೂ ಸದಸ್ಯನಾಗಲು ಆ ದೇಶದಲ್ಲಿ ಕನಿಷ್ಠ ಆರು ತಿಂಗಳಿಂದ ವಾಸವಿರಬೇಕು. ಮ್ಯೂನಿಕ್ಕಿನಲ್ಲೋ ಬರ್ಲಿನ್ನಿನಲ್ಲೋ ನೌಕರಿಯಲ್ಲಿರುವ ನಮ್ಮವರಿಗೆ ಅದು ಅನ್ವಯವಾಗಬಹುದು, ಅವರ ಮನೆಗೆ ಹತ್ತು ದಿನ ಹೋಗುವ ನಿಮಗಲ್ಲ. ಆಮ್‌ಸ್ಟರ್‌ಡ್ಯಾಮಿನ ಕಾಫಿ ಶಾಪ್, ಅಂದರೆ ಗಾಂಜಾ ಮಾರುವ ಅಂಗಡಿ, ಬೇರೆಯದೇ ವ್ಯವಸ್ಥೆ, ಅಲ್ಲಿ ಸದಸ್ಯತ್ವದ ಪ್ರಶ್ನೆಯೇ ಇಲ್ಲ. ಹೀಗಾಗಿ ಸಂದರ್ಶಕರ ಮಾತೆಲ್ಲ ಬಂದು ನಿಲ್ಲುವುದು ಬಾರ್ಸೆಲೋನಾದಲ್ಲೇ.

ಊರಿಗಿಳಿದ ಮೊದಲ ಸಂಜೆ ರಾಂಬ್ಲಾ ರಸ್ತೆಯಲ್ಲಿ ನಡೆದುಹೋಗುವಾಗ ಪಕ್ಕಕ್ಕೆ ಬಂದು 'ಕಾಫಿ ಶಾಪ್, ಕಾಫಿ ಶಾಪ್' ಎಂದು ಪಿಸುಗುಟ್ಟುವವರು ಪ್ರತಿ ಐವತ್ತು ಹೆಜ್ಜೆಗೊಬ್ಬರಂತೆ ಎದುರಾಗುತ್ತಾರೆ. ಅವರ ಹಿಂದೆ ಹೋಗಬೇಡಿ. ಬಾರ್ಸೆಲೋನಾದಲ್ಲಿ ಅಂಥ ಕಾಫಿ ಶಾಪ್ ಎಂಬುದೇ ಇಲ್ಲ, ಮತ್ತು ನೆಟ್ಟಗೆ ನಡೆಯುವ ಸಂಘ ಬೀದಿಯಲ್ಲಿ ಗಿರಾಕಿ ಹುಡುಕುವುದಿಲ್ಲ. ನಾನು ರಾಂಬ್ಲಾದಲ್ಲಿ ಮೋಸಹೋಗಲಿಲ್ಲ. ಬೆಂಗಳೂರಿನಲ್ಲಿ ನನ್ನ ಮನೆಯ ಕುರ್ಚಿಯಲ್ಲಿ ಕುಳಿತೇ ಮೋಸಹೋಗಿದ್ದೆ. ಹೊರಡುವ ಎರಡು ವಾರ ಮೊದಲು 'ಆಹ್ವಾನ ಪತ್ರ' ಕಳಿಸುತ್ತೇವೆಂದ ಒಂದು ಜಾಲತಾಣಕ್ಕೆ 25 ಯೂರೋ ಕಟ್ಟಿದೆ. ಬಂದದ್ದು ಒಂದು ಚಿತ್ರ, ಅದರಲ್ಲಿ ಒಂದು ವಿಳಾಸ. ಆ ವಿಳಾಸದಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇತ್ತು. ಅಂಗಡಿಯ ಹೆಂಗಸು ನನ್ನ ಮೊಬೈಲನ್ನು ನೋಡಿ, ತಲೆಯಾಡಿಸಿ, ಈ ವಾರ ನೀವು ನಾಲ್ಕನೆಯವರು ಎಂದು ಬೆರಳೆಣಿಸಿ ತೋರಿಸಿದರು.

ಕೊನೆಗೆ ನಾನು ಸೇರಿದ್ದು ದಾವಣಗೆರೆ ಕಡೆಯ ಹಳೆಯ ಗೆಳೆಯನೊಬ್ಬನ ಮೂಲಕ. ಅವನು ಏಳು ವರ್ಷದಿಂದ ಆ ಊರಿನಲ್ಲಿದ್ದಾನೆ, ಗ್ರಾಸಿಯಾ ಬಡಾವಣೆಯ ಒಂದು ಸಂಘದ ಸದಸ್ಯ. ಇದು ಆಕಸ್ಮಿಕದ ಮಾತಲ್ಲ, ಪದ್ಧತಿಯೇ ಹಾಗಿದೆ: ಹೊಸಬನನ್ನು ಬಲ್ಲ ಸದಸ್ಯನೊಬ್ಬ ಅವನ ಪರವಾಗಿ ಹೇಳಬೇಕು. ಪರಿಚಯದವರು ಯಾರೂ ಇಲ್ಲದಿದ್ದರೆ ಸೇರುವ ಆಸೆಯನ್ನು ಬಿಟ್ಟುಬಿಡುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ; ಏಕೆಂದರೆ ಯಾರನ್ನಾದರೂ ಹಾಗೆಯೇ ಒಳಗೆ ಬಿಟ್ಟುಕೊಳ್ಳುವ ಸಂಘವೇ ಪೊಲೀಸರ ಕಣ್ಣಿಗೆ ಮೊದಲು ಬೀಳುವ ಸಂಘ.

ಹೊರಗೆ ಬೋರ್ಡಿಲ್ಲ. ಕರೆಗಂಟೆ ಒತ್ತಿದರೆ ಮೊದಲ ಬಾಗಿಲು ತೆರೆಯುತ್ತದೆ, ಅದು ಮುಚ್ಚಿದ ಮೇಲೆಯೇ ಎರಡನೆಯದು. ನಡುವಿನ ಪುಟ್ಟ ಕೋಣೆಯಲ್ಲಿ ಒಬ್ಬ ತರುಣಿ ಕುಳಿತು ಪಾಸ್‌ಪೋರ್ಟ್ ಕೇಳಿದಳು. ನಕಲು ಪ್ರತಿ ನಡೆಯುವುದಿಲ್ಲ, ಅಸಲೇ ಬೇಕು. 18 ತುಂಬಿರುವುದು ಕಡ್ಡಾಯ, ಕೆಲವು ಸಂಘಗಳು 21 ಎನ್ನುತ್ತವೆ. ಸ್ಪೇನಿನೊಳಗಿನ ವಿಳಾಸ ಬೇಕೆಂದಾಗ ಹೋಟೆಲಿನದು ಆಗದೆಂದು ಗೆಳೆಯನ ಮನೆಯದನ್ನು ಬರೆದುಕೊಟ್ಟೆವು. ನಾನು ಉಳಿದುಕೊಂಡದ್ದೂ ಅಲ್ಲೇ ಆದ್ದರಿಂದ ಅದು ಸುಳ್ಳಾಗಲಿಲ್ಲ. ವರ್ಷದ ಶುಲ್ಕ 30 ಯೂರೋ. ನಗದು ಮಾತ್ರ.

ಅರ್ಜಿ ಎರಡು ಪುಟ, ಸ್ಪ್ಯಾನಿಷ್ ಭಾಷೆಯಲ್ಲಿ. ಬಹಳ ಜನ ಇದನ್ನು ಸಿನಿಮಾ ಟಿಕೆಟಿನಂತೆ ಭಾವಿಸಿ ಓದದೆ ಸಹಿ ಹಾಕುತ್ತಾರೆ. ನಾನು ಗೆಳೆಯನಿಂದ ಸಾಲುಸಾಲಾಗಿ ಓದಿಸಿದೆ. ನಾನು ಈಗಾಗಲೇ ಗಾಂಜಾ ಬಳಸುವವನು, ನನ್ನ ಬಳಕೆಗೆ ಬೇಕಾದಷ್ಟನ್ನು ನನ್ನ ಪರವಾಗಿ ಬೆಳೆಯಲು ಸಂಘಕ್ಕೆ ಒಪ್ಪಿಗೆ ಕೊಡುತ್ತೇನೆ, ಪಡೆದದ್ದನ್ನು ಯಾರಿಗೂ ಕೊಡುವುದಿಲ್ಲ, ಮಾರುವುದಿಲ್ಲ ಎಂದು ಅದರಲ್ಲಿತ್ತು. ಮೊದಲನೆಯ ವಾಕ್ಯದಲ್ಲಿ ನನ್ನ ಪೆನ್ನು ನಿಂತಿತು. ಹದಿನೈದು ವರ್ಷದ ಹಿಂದೆ ಒಂದೆರಡು ಸಲ ಸೇದಿದವನನ್ನು ಬಳಸುವವನು ಎನ್ನಬಹುದೇ? ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು ವಿಷಯ, ಅದನ್ನು ಭಾರತೀಯ ಪ್ರವಾಸಿಗಳಲ್ಲಿ ಹೆಚ್ಚಿನವರು ಕೇಳಿಯೇ ಇರುವುದಿಲ್ಲ. ನಮ್ಮ 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅದು ಭಾರತದ ಹೊರಗಿರುವ ಭಾರತದ ನಾಗರಿಕರಿಗೂ ಅನ್ವಯಿಸುತ್ತದೆ. ಅದೇ ಕಾಯ್ದೆಯ 27ನೇ ಕಲಮಿನಂತೆ ಗಾಂಜಾ ಸೇವನೆಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೇ 10,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಪಾಸ್‌ಪೋರ್ಟ್ ಸಂಖ್ಯೆಯ ಪಕ್ಕದಲ್ಲಿ 'ನಾನು ಬಳಸುವವನು' ಎಂದು ಸ್ವಂತ ಕೈಯಿಂದ ಸಹಿ ಹಾಕಿದ ಕಾಗದವೊಂದು ಪರದೇಶದ ಕಪಾಟಿನಲ್ಲಿ ಉಳಿಯುತ್ತದೆ ಎಂಬ ಅರಿವಿನಿಂದಲೇ ಸಹಿ ಹಾಕಬೇಕು. ನಾನು ಹಾಕಿದೆ. ಸರ್ಕಾರಿ ನೌಕರಿಯಲ್ಲಿರುವವರು, ಮುಂದೆ ಬೇರೆ ದೇಶದ ವೀಸಾಕ್ಕೆ ಅರ್ಜಿ ಹಾಕಲಿರುವವರು ನನ್ನನ್ನು ಅನುಸರಿಸಬೇಕಾಗಿಲ್ಲ.

ಒಳಗಿನದನ್ನು ಬಹಳ ವರ್ಣಿಸುವಂತಿಲ್ಲ. ಹಳೆಯ ಸೋಫಾಗಳು, ಚದುರಂಗದ ಮಣೆ, ಟೀವಿಯಲ್ಲಿ ಫುಟ್‌ಬಾಲ್, ಹೊಗೆ ಎಳೆದುಕೊಳ್ಳುವ ದೊಡ್ಡ ಫ್ಯಾನು; ನಮ್ಮ ಊರುಗಳ ಹಳೆಯ ರಿಕ್ರಿಯೇಶನ್ ಕ್ಲಬ್ಬಿನಲ್ಲಿ ಇಸ್ಪೀಟಿನ ಬದಲು ಚಿಲುಮೆ ಬಂದಂತೆ. ಫೋಟೊ ತೆಗೆಯುವಂತಿಲ್ಲ, ಫೋನಿನಲ್ಲಿ ಮಾತನಾಡುವಂತಿಲ್ಲ. ಮೂಲೆಯ ಕೌಂಟರಿನಲ್ಲಿ ತಕ್ಕಡಿ, ಹಿಂದೆ ಗಾಜಿನ ಡಬ್ಬಿಗಳು. ಅಲ್ಲಿ 'ಬೆಲೆ' ಎಂಬ ಮಾತು ಆಡುವುದಿಲ್ಲ, 'ಅಪೋರ್ತಾಸಿಯೋನ್' ಎನ್ನುತ್ತಾರೆ, ವಂತಿಗೆ ಎಂದರ್ಥ. ನಾನು ಇದೆಷ್ಟು ಎಂದು ಕೇಳಿದಾಗ ಕೌಂಟರಿನವನು ನಯವಾಗಿಯೇ ಆ ಪದವನ್ನು ತಿದ್ದಿದ. ಗ್ರಾಮಿಗೆ ಸುಮಾರು 10 ಯೂರೋ ವಂತಿಗೆ. ಮೊದಲ ದಿನಕ್ಕೆ ಒಂದು ಗ್ರಾಮಿಗಿಂತ ಹೆಚ್ಚು ಕೇಳುವ ಅಗತ್ಯವೇ ಇಲ್ಲ, ಅದರಲ್ಲಿ ಮುಕ್ಕಾಲು ಉಳಿಯುತ್ತದೆ.

ಏಕೆ ಉಳಿಯುತ್ತದೆಂದರೆ, ಇದು ನಮ್ಮ ಕಡೆ ಜಾತ್ರೆಯಲ್ಲಿ ಸಾಧುಗಳು ಸೇದುವ ಸೊಪ್ಪಲ್ಲ. ಕೋಣೆಯೊಳಗೆ ದೀಪದ ಬೆಳಕಿನಲ್ಲಿ ಆರೈಕೆ ಮಾಡಿ ಬೆಳೆದ ಹೂವಿನಲ್ಲಿ ಅಮಲಿನ ಅಂಶವಾದ ಟಿಎಚ್‌ಸಿ ಶೇಕಡಾ 20ನ್ನು ದಾಟಿರುವುದು ಸಾಮಾನ್ಯ. ಸ್ಪೇನಿನವರು ಅದನ್ನು, ಮೊರಾಕ್ಕೋದ ಚರಸ್ಸನ್ನೂ, ತಂಬಾಕಿನೊಂದಿಗೆ ಬೆರೆಸಿ ಸುತ್ತುತ್ತಾರೆ. ಸಿಗರೇಟು ಅಭ್ಯಾಸವಿಲ್ಲದವರಿಗೆ ತಲೆ ತಿರುಗುವುದು ಅರ್ಧ ಆ ತಂಬಾಕಿನಿಂದಲೇ. ಎರಡು ಎಳೆತ ಎಳೆದು ಇಪ್ಪತ್ತು ನಿಮಿಷ ಸುಮ್ಮನಿರು ಎಂದು ಗೆಳೆಯ ಹೇಳಿದ್ದ, ಹಾಗೇ ಮಾಡಿದ್ದರಿಂದ ಬದುಕಿದೆ. ಪಕ್ಕದ ಸೋಫಾದಲ್ಲಿದ್ದ ಒಬ್ಬ ಬ್ರಿಟಿಷ್ ಹುಡುಗ ಬಿಸ್ಕತ್ತಿನ ರೂಪದ್ದನ್ನು ತಿಂದು, ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಂದು ತಿಂದ. ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೂ ಹಿಡಿಯಬಹುದು. ಎರಡೂ ಒಟ್ಟಿಗೆ ಏರಿದಾಗ ಅವನು ಬೆವೆತು, ಬಿಳಚಿಕೊಂಡು, ಎದೆ ನಿಲ್ಲುತ್ತಿದೆಯೆಂದು ಅಳತೊಡಗಿದ. ಸಂಘದವರು ಅವನನ್ನು ಒರಗಿಸಿ ನೀರು ಕುಡಿಸಿ ಎರಡು ಗಂಟೆ ಜೊತೆಗೆ ಕುಳಿತರು. ಹೊಸಬರು ತಿನ್ನುವುದರ ತಂಟೆಗೇ ಹೋಗಬೇಡಿ, ಮೊದಲು ವೈನ್ ಕುಡಿದು ಬರಬೇಡಿ. ಮನೆತನದಲ್ಲಿ ತೀವ್ರ ಮಾನಸಿಕ ಕಾಯಿಲೆ ಕಂಡವರು, ಹೃದಯದ ತೊಂದರೆ ಇರುವವರು ಈ ಬಾಗಿಲನ್ನು ತಟ್ಟದಿರುವುದೇ ಒಳ್ಳೆಯದು.

ಉಳಿದ ಮುಕ್ಕಾಲು ಗ್ರಾಮನ್ನು ಏನು ಮಾಡುವುದು? ಅಲ್ಲೇ ಬಿಟ್ಟು ಬನ್ನಿ. ಜೇಬಿಗೆ ಹಾಕಿಕೊಂಡು ಬೀದಿಗಿಳಿದ ಕ್ಷಣ ಸಂಘದ ರಕ್ಷಣೆ ಮುಗಿಯಿತು. 2015ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ಬೀದಿಯಲ್ಲಿ, ಪಾರ್ಕಿನಲ್ಲಿ, ಕಡಲ ದಂಡೆಯಲ್ಲಿ ಸೇದುವುದಷ್ಟೇ ಅಲ್ಲ, ಸುಮ್ಮನೆ ಹತ್ತಿರ ಇಟ್ಟುಕೊಂಡಿರುವುದಕ್ಕೂ ದಂಡವಿದೆ, ಅದು ಆರಂಭವಾಗುವುದೇ 601 ಯೂರೋದಿಂದ. ಗರಿಷ್ಠ ಮಿತಿ 30,000. ಸದಸ್ಯತ್ವದ ಕಾರ್ಡು ತೋರಿಸಿದರೆ ಪೊಲೀಸರು ಬಿಡುತ್ತಾರೆಂಬುದು ಬರೀ ಮಾತು. ಪೊಲೀಸರು ಸಂಘವಿರುವ ಬೀದಿಯ ಮೂಲೆಯಲ್ಲೇ ನಿಂತು ಹೊರಬರುವವರ ಜೇಬು ತಪಾಸಿಸುವುದುಂಟು. ಮರುದಿನ ಕಾರು ಬಾಡಿಗೆಗೆ ತೆಗೆದುಕೊಂಡು ಮೊನ್ಸೆರಾಟ್ ಬೆಟ್ಟಕ್ಕೆ ಹೋಗುವ ಯೋಜನೆಯಿದ್ದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ: ಅಲ್ಲಿ ರಸ್ತೆಯಲ್ಲಿ ಎಂಜಲು ಪರೀಕ್ಷೆ ಮಾಡುತ್ತಾರೆ, ಅಮಲು ಇಳಿದಿದ್ದರೂ ಅಂಶ ಸಿಕ್ಕರೆ 1,000 ಯೂರೋ ದಂಡ. ನಾವು ರೈಲಿನಲ್ಲಿ ಹೋದೆವು.

ಹಿಂದಿರುಗುವ ವಿಮಾನದ ವಿಚಾರ ಇದಕ್ಕಿಂತ ಗಂಭೀರವಾದದ್ದು. ಬೆಂಗಳೂರಿನಿಂದ ಬಾರ್ಸೆಲೋನಾಕ್ಕೆ ನೇರ ವಿಮಾನವಿಲ್ಲ, ನಮ್ಮಲ್ಲಿ ಹೆಚ್ಚಿನವರು ದುಬೈ, ದೋಹಾ ಅಥವಾ ಅಬುಧಾಬಿಯ ಮೂಲಕ ಹೋಗಿಬರುತ್ತೇವೆ. ಕೊಲ್ಲಿ ದೇಶಗಳ ಕಾನೂನು ಈ ವಿಷಯದಲ್ಲಿ ಬಹಳ ಬಿಗಿ; ಸಾಮಾನಿನಲ್ಲಿ ಸಿಗುವ ಚೂರು ಮಾತ್ರವಲ್ಲ, ರಕ್ತದಲ್ಲಿ ಅಥವಾ ಮೂತ್ರದಲ್ಲಿ ಸಿಗುವ ಅಂಶವೂ ಅಲ್ಲಿ ಸಂಕಟ ತರಬಲ್ಲದು. ಸೇದಿದ್ದು ಮೂತ್ರದಲ್ಲಿ ಕೆಲವು ದಿನ, ನಿತ್ಯ ಸೇದುವವರಲ್ಲಿ ಕೆಲವು ವಾರ ಉಳಿಯುತ್ತದೆ. ನಾನು ಫ್ರಾಂಕ್‌ಫರ್ಟ್ ಮಾರ್ಗದ ಟಿಕೆಟಿಗೆ ಹನ್ನೊಂದು ಸಾವಿರ ಹೆಚ್ಚು ಕೊಟ್ಟೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ಹೊರಡುವ ಹಿಂದಿನ ದಿನ ಆ ಎರಡು ಸಂಜೆ ತೊಟ್ಟ ಬಟ್ಟೆಗಳನ್ನು ಒಗೆದು, ಜೇಬುಗಳನ್ನು ಒಳಮಗ್ಗುಲು ಮಾಡಿ ಕೊಡವಿ, ಕೈಚೀಲದ ಹೊಲಿಗೆಯ ಸಂದುಗಳನ್ನೂ ನೋಡಿದೆ. ಸುತ್ತುವ ಕಾಗದದ ಒಂದು ಪೊಟ್ಟಣ ಸಿಕ್ಕಿತು, ಬಿಸಾಡಿದೆ. ಗಾಂಜಾ ಎಲೆಯ ಚಿತ್ರವಿರುವ ಟೀ ಶರ್ಟು, ಅದೇ ಗಿಡದಿಂದ ತೆಗೆದ ಅಮಲಿಲ್ಲದ ಸಿಬಿಡಿ ಎಣ್ಣೆ, ಚಾಕೊಲೇಟು ಎಂದು ಅಂಗಡಿಗಳು ಪ್ರವಾಸಿಗಳಿಗೆ ರಾಶಿ ಹಾಕಿರುತ್ತವೆ. ಅವನ್ನು ಉಡುಗೊರೆಯೆಂದು ಕೊಂಡು ನಮ್ಮ ಕಸ್ಟಮ್ಸಿನವರ ಮುಂದೆ ವಿವರಣೆ ಕೊಡುತ್ತ ನಿಲ್ಲುವ ಧೈರ್ಯ ನನಗಿರಲಿಲ್ಲ.

ಇನ್ನೊಂದು ಕೆಲಸವನ್ನು ಬಹುತೇಕ ಯಾರೂ ಮಾಡುವುದಿಲ್ಲ, ಆದರೆ ಮಾಡಬೇಕು. ಸದಸ್ಯತ್ವಕ್ಕೆ ರಾಜೀನಾಮೆ ಕೊಡಬಹುದು, ಅಲ್ಲಿನ ಮಾತಿನಲ್ಲಿ ಅದಕ್ಕೆ 'ಬಾಹಾ' ಎನ್ನುತ್ತಾರೆ. ಜೊತೆಗೆ ಯೂರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣಾ ನಿಯಮದಡಿ ತನ್ನ ವಿವರಗಳನ್ನು ಅಳಿಸಿರೆಂದು ಕೇಳುವ ಹಕ್ಕು ಸದಸ್ಯನಿಗಿದೆ. ಕೊನೆಯ ದಿನ ಮಧ್ಯಾಹ್ನ ಗೆಳೆಯ ಬರೆದುಕೊಟ್ಟ ನಾಲ್ಕು ಸಾಲಿನ ಪತ್ರ ಹಿಡಿದು ಮತ್ತೆ ಆ ಎರಡು ಬಾಗಿಲ ನಡುವಿನ ಕೋಣೆಗೆ ಹೋದೆ. ಅದೇ ತರುಣಿ ಓದಿ, ಸಂಘದಲ್ಲೇನಾದರೂ ತೊಂದರೆಯಾಯಿತೇ ಎಂದು ಕೇಳಿದಳು. ಇಲ್ಲ, ನಾನು ಇರುವ ಊರು ದೂರ ಎಂದೆ. ಪತ್ರದ ನಕಲಿನ ಮೇಲೆ ಮೊಹರು ಒತ್ತಿ ಕೊಟ್ಟು, ನನ್ನ ಕಾರ್ಡನ್ನು ಕತ್ತರಿಯಿಂದ ಎರಡು ಮಾಡಿ ಕಸದ ಬುಟ್ಟಿಗೆ ಹಾಕಿದಳು.