ಮೊದಲು ಪ್ಲಗ್, ಆಮೇಲೆ ಪಾಟಿ

ಮಗಳಿಗೆ ಡೈಪರ್ ಬಿಡಿಸಬೇಕೆಂದು ಹೊರಟದ್ದೂ ನಮ್ಮ ಅಡುಗೆಮನೆಗೆ ಹ್ಯಾಂಡ್ ಬ್ಲೆಂಡರ್ ಬಂದದ್ದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಆಗ ಅವಳಿಗೆ ಎರಡು ವರ್ಷ ತುಂಬಿ ನಾಲ್ಕು ತಿಂಗಳಾಗಿತ್ತು. ಒಂದು ಸಂಜೆ ಬೆಂದ ತರಕಾರಿಯನ್ನು ಸೂಪಿಗಾಗಿ ಪಾತ್ರೆಯಲ್ಲೇ ಅರೆಯುತ್ತಿದ್ದಾಗ ಹಜಾರದಿಂದ ‘ಉಚ್ಚೆ ಬಂತು’ ಎಂಬ ಕೂಗು ಕೇಳಿಸಿತು. ಡೈಪರ್ ಬಿಡಿಸಿದ ಮೊದಲ ವಾರದಲ್ಲಿ ಆ ಕೂಗಿಗೂ ನೆಲ ಒದ್ದೆಯಾಗುವುದಕ್ಕೂ ನಡುವೆ ಅರ್ಧ ನಿಮಿಷದ ಅಂತರವೂ ಇರುವುದಿಲ್ಲವೆಂಬುದು ಅನುಭವಿಸಿದವರಿಗೆ ಗೊತ್ತು. ಬ್ಲೆಂಡರನ್ನು ಪಾತ್ರೆಯಲ್ಲಿ ನಿಲ್ಲಿಸಿದಂತೆಯೇ ಬಿಟ್ಟು ಓಡಿದೆ. ಕೆಲಸ ಮುಗಿಸಿ ನಾನು ಪಾಟಿ, ಅಂದರೆ ಮಕ್ಕಳನ್ನು ಉಚ್ಚೆ ಕಕ್ಕಕ್ಕೆ ಕೂರಿಸುವ ಪುಟ್ಟ ಪೀಠ, ತೊಳೆಯುತ್ತಿರುವಷ್ಟರಲ್ಲಿ ಅವಳು ನುಸುಳಿಕೊಂಡು ಅಡುಗೆಮನೆಗೆ ಹೋಗಿ, ಕಟ್ಟೆಯಿಂದ ಇಳಿಬಿದ್ದಿದ್ದ ವೈರನ್ನು ಹಿಡಿದುಕೊಂಡು ನಿಂತಿದ್ದಳು. ಅದರ ಒಂದು ತುದಿ ಸಾಕೆಟ್ಟಿನಲ್ಲಿತ್ತು, ಇನ್ನೊಂದು ತುದಿ ಬಿಸಿ ಸೂಪಿನೊಳಗಿತ್ತು. ಪುಣ್ಯಕ್ಕೆ ಎಳೆದಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮವಿದೆ: ಯಾರು ಎಷ್ಟೇ ಜೋರಾಗಿ ಕೂಗಲಿ, ಮೊದಲು ಪ್ಲಗ್ ಕೀಳಬೇಕು, ವೈರನ್ನು ಗೋಡೆಯ ಕಡೆಗೆ ಸರಿಸಬೇಕು, ಆಮೇಲೆ ಓಡಬೇಕು. ಅದಕ್ಕೆ ಬೇಕಾಗುವುದು ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ನೆಲ ಒದ್ದೆಯಾದರೆ ಆಗಲಿ, ಒರೆಸಿದರಾಯಿತು. ಈ ನಿಯಮವನ್ನು ನಾನು ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಪಾಲಿಸಿದ್ದರ ಫಲವಾಗಿ ಮಗಳು ಕೆಲವು ದಿನ ‘ಉಚ್ಚೆ ಬಂತು, ಪ್ಲಗ್ ತೆಗಿ’ ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದಳು. ನಾನು ಹಾಸಿಗೆ ಮಡಚುತ್ತಿದ್ದಾಗಲೂ ಅದೇ ಕೂಗು.

ಬ್ಲೆಂಡರಿನ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದು ಹೇಳಿದ ಮಾತು ಕೇಳುವ ವಸ್ತು. ಕೈಯಲ್ಲಿ ಹಿಡಿದು ಪಾತ್ರೆಯೊಳಗೇ ಇಳಿಸುವ ಈ ಉಪಕರಣಕ್ಕೆ 1950ರಲ್ಲಿ ಸ್ವಿಟ್ಜರ್ಲೆಂಡಿನ ರೋಜೆ ಪೆರಿಂಜಕೆ ಎಂಬವರು ಪೇಟೆಂಟ್ ಪಡೆದರು. ಅದಕ್ಕೆ ಬಾಮಿಕ್ಸ್ ಎಂದು ಹೆಸರಾಯಿತು. ಕಡೆಯುವುದು, ಬೆರೆಸುವುದು ಎಂಬ ಅರ್ಥದ ಎರಡು ಫ್ರೆಂಚ್ ಪದಗಳನ್ನು ಜೋಡಿಸಿ ಮಾಡಿದ ಹೆಸರದು. ಅಂದಿನಿಂದ ಇಂದಿನವರೆಗೆ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಮೇಲೆ ಹಿಡಿಯೊಳಗೆ ಮೋಟರು, ಕೆಳಗೆ ಉದ್ದನೆಯ ಕೋಲು, ಅದರ ತುದಿಯಲ್ಲಿ ಗಂಟೆಯನ್ನು ಬೋರಲು ಹಾಕಿದಂತಹ ಮುಸುಕು, ಮುಸುಕಿನೊಳಗೆ ಸಣ್ಣ ಬ್ಲೇಡು. ತಿರುಗುವ ಬ್ಲೇಡು ಕೆಳಗಿನಿಂದ ಪದಾರ್ಥವನ್ನು ಒಳಕ್ಕೆ ಸೆಳೆದು, ಮುಸುಕಿನ ಕಿಂಡಿಗಳ ಮೂಲಕ ಪಕ್ಕಕ್ಕೆ ತಳ್ಳುತ್ತದೆ. ಇದನ್ನು ಅರಿತುಕೊಂಡರೆ ಬಳಸುವ ಕ್ರಮ ತಾನಾಗಿಯೇ ಹೊಳೆಯುತ್ತದೆ: ಸುತ್ತಲೂ ದ್ರವ ಇಲ್ಲದಿದ್ದರೆ ಪದಾರ್ಥ ಹರಿಯುವುದಿಲ್ಲ, ಹರಿಯದಿದ್ದರೆ ಒಂದೇ ಕಡೆ ಅರೆಯುತ್ತದೆ, ಮೋಟರು ಸುಮ್ಮನೆ ಬಿಸಿಯಾಗುತ್ತದೆ.

ಬಿಸಿಯಾಗುವುದು ಸಣ್ಣ ವಿಷಯವಲ್ಲ. ನಮ್ಮ ಮೊದಲ ಬ್ಲೆಂಡರ್ ಎರಡೇ ತಿಂಗಳಲ್ಲಿ ಸುಟ್ಟ ವಾಸನೆ ಬಿಟ್ಟು ನಿಂತುಹೋದಾಗ ತಯಾರಿಕೆಯೇ ಸರಿಯಿಲ್ಲವೆಂದು ಬಯ್ದುಕೊಂಡಿದ್ದೆ. ಆಮೇಲೆ ಹಿಡಿಯ ಹಿಂಬದಿಯ ಚೀಟಿಯನ್ನು ಓದಿದಾಗ ವಾಟ್, ವೋಲ್ಟುಗಳ ಪಕ್ಕದಲ್ಲಿ ‘ಕೆಬಿ 1 ಮಿನ್’ ಎಂಬ ಸಣ್ಣ ಇಂಗ್ಲಿಷ್ ಅಕ್ಷರಗಳು ಕಂಡವು. ಕೆಬಿ ಎಂದರೆ ಜರ್ಮನ್ ಭಾಷೆಯಲ್ಲಿ ಅಲ್ಪಾವಧಿ ಬಳಕೆ ಎಂಬುದರ ಸಂಕ್ಷೇಪ. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಓಡಿಸಬೇಡಿ ಎಂಬುದು ಅದರ ತಾತ್ಪರ್ಯ. ಹಿಡಿಯ ಇಕ್ಕಟ್ಟಿನಲ್ಲಿ ಕುಳಿತ ಮೋಟರಿಗೆ ಶಾಖವನ್ನು ಹೊರಹಾಕಲು ಜಾಗವಿರುವುದಿಲ್ಲವಾದ್ದರಿಂದ ಈ ಮಿತಿ. ಎಷ್ಟು ಹೊತ್ತು ಓಡಿಸಬೇಕು, ನಡುವೆ ಎಷ್ಟು ಹೊತ್ತು ಬಿಡುವು ಕೊಡಬೇಕು ಎಂಬುದು ಒಂದೊಂದು ಮಾದರಿಗೆ ಒಂದೊಂದು ರೀತಿ ಇರುತ್ತದೆ; ಜೊತೆಗೆ ಬರುವ ಕೈಪಿಡಿಯಲ್ಲಿ ಓದಲೇಬೇಕಾದ ಸಾಲು ಯಾವುದೆಂದರೆ ಅದೇ. ನಾನು ಈಗ ಹತ್ತು ಹದಿನೈದು ಸೆಕೆಂಡು ಒತ್ತುತ್ತೇನೆ, ಬಿಡುತ್ತೇನೆ, ಪಾತ್ರೆಯನ್ನು ತುಸು ತಿರುಗಿಸಿ ಮತ್ತೆ ಒತ್ತುತ್ತೇನೆ. ಅರೆದದ್ದು ಹೆಚ್ಚು ನಯವಾಗುವುದೂ ಹೀಗೆಯೇ.

ಉಳಿದದ್ದನ್ನು ಚುಟುಕಾಗಿ ಹೇಳಬಹುದು. ಬ್ಲೇಡು ಪೂರ್ತಿ ಮುಳುಗಿದ ಮೇಲೆಯೇ ಬಟನ್ ಒತ್ತಬೇಕು, ಬ್ಲೇಡು ನಿಂತ ಮೇಲೆಯೇ ಮೇಲಕ್ಕೆತ್ತಬೇಕು. ಇಲ್ಲದಿದ್ದರೆ ಗೋಡೆಗೆಲ್ಲ ಚಿತ್ತಾರ. ಇಳಿಸುವಾಗ ಸ್ವಲ್ಪ ಓರೆಯಾಗಿ ಇಳಿಸಿದರೆ ಮುಸುಕಿನೊಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ, ನೊರೆ ಕಡಿಮೆಯಾಗುತ್ತದೆ. ಬಿಸಿ ಪದಾರ್ಥವಾದರೆ ಒಲೆಯಿಂದ ಇಳಿಸಿ, ಕುದಿ ಅಡಗುವವರೆಗೆ ಕಾದು, ಅರ್ಧಕ್ಕಿಂತ ಹೆಚ್ಚು ತುಂಬದ ಆಳವಾದ ಪಾತ್ರೆಯಲ್ಲಿ ಅರೆಯುವುದು ಕ್ಷೇಮ. ನಾನ್‌ಸ್ಟಿಕ್ ಪಾತ್ರೆಗೆ ಲೋಹದ ಕೋಲು ತಾಗಿದರೆ ಗೀರು ಬೀಳುತ್ತದೆ. ಬೆಂದ ಆಲೂಗಡ್ಡೆಯನ್ನು ಮಾತ್ರ ಇದರಿಂದ ಅರೆಯಬೇಡಿ: ವೇಗದ ಬ್ಲೇಡು ಅದರ ಪಿಷ್ಟವನ್ನೆಲ್ಲ ಹೊರಗೆಡಹಿ ಗೋಂದಿನಂತಹ ಮುದ್ದೆ ಮಾಡಿಬಿಡುತ್ತದೆ, ಆಲೂಗಡ್ಡೆಗೆ ಕೈಯಲ್ಲಿ ಕಿವುಚುವುದೇ ಸರಿ.

ತೊಳೆಯುವ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಹೇಳಬೇಕಾಗಿದೆ. ಬ್ಲೇಡಿಗೆ ಒಂದು ನಾರು ಸುತ್ತಿಕೊಂಡಿರುತ್ತದೆ; ಒಂದು ಕೈಯಲ್ಲಿ ಹಿಡಿಯಿರುತ್ತದೆ, ಇನ್ನೊಂದು ಕೈಯ ಬೆರಳು ಅದನ್ನು ತೆಗೆಯಲು ಮುಸುಕಿನೊಳಕ್ಕೆ ಹೋಗುತ್ತದೆ; ಹಿಡಿಯನ್ನು ಬಿಗಿಮಾಡಿಕೊಂಡಾಗ ಹೆಬ್ಬೆರಳು ತನಗರಿವಿಲ್ಲದೆ ಬಟನ್ನಿನ ಮೇಲೆ ಬೀಳುತ್ತದೆ. ಕೈಯ ಶಸ್ತ್ರಚಿಕಿತ್ಸಕರು ವಿವರಿಸಿರುವ ಹ್ಯಾಂಡ್ ಬ್ಲೆಂಡರ್ ಗಾಯಗಳಲ್ಲಿ ಮತ್ತೆ ಮತ್ತೆ ಕಾಣುವ ಕಥೆ ಇದೇ. ಬ್ಲೇಡು ನಿಂತಿದೆ ಎಂಬುದಕ್ಕೂ ವಿದ್ಯುತ್ ಇಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಪ್ಲಗ್ ಕಿತ್ತು, ಬ್ಯಾಟರಿಯದ್ದಾದರೆ ಕೋಲನ್ನು ಹಿಡಿಯಿಂದ ಬೇರ್ಪಡಿಸಿ, ಆ ಮೇಲೂ ಬೆರಳಿನ ಬದಲು ಮರದ ಚಮಚದ ಹಿಡಿಯನ್ನೋ ಹಳೆಯ ಟೂತ್‌ಬ್ರಷ್ಷನ್ನೋ ಬಳಸಿ. ಅರೆದ ಕೂಡಲೇ ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ತೊಟ್ಟು ಸೋಪು ಹಾಕಿ ಅದರಲ್ಲಿ ಐದು ಸೆಕೆಂಡು ಓಡಿಸಿದರೆ ಕೈ ಹಾಕುವ ಸಂದರ್ಭವೇ ಬರುವುದಿಲ್ಲ. ಮೋಟರಿರುವ ಭಾಗವನ್ನು ನೀರಿನಲ್ಲಿ ಅದ್ದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಇನ್ನು ಪಾಟಿ. ಇಲ್ಲಿ ಕೈಪಿಡಿಯೂ ಇಲ್ಲ, ಹಿಂಬದಿಯಲ್ಲಿ ಚೀಟಿಯೂ ಇಲ್ಲ. ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ ಅವರು 1962ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ತಮ್ಮಲ್ಲಿಗೆ ಬರುತ್ತಿದ್ದ 1,170 ಮಕ್ಕಳ ದಾಖಲೆಗಳನ್ನು ನೋಡಿ ಅವರು ಹೇಳಿದ್ದು, ಮಗುವಿನ ಸಿದ್ಧತೆಯನ್ನು ಕಾದು ಹೆಜ್ಜೆ ಹೆಜ್ಜೆಯಾಗಿ ಕಲಿಸಬೇಕು, ಒತ್ತಾಯ ಕೂಡದು ಎಂದು. ಆ ಮಕ್ಕಳು ಹಗಲಿನ ಅಭ್ಯಾಸವನ್ನು ಪೂರ್ತಿಯಾಗಿ ಕಲಿತದ್ದು ಸರಾಸರಿ 28.5 ತಿಂಗಳಿಗೆ. ಸರಾಸರಿ ಎಂದರೆ ಅದಕ್ಕಿಂತ ಬೇಗ ಕಲಿತವರೂ ಬಹಳ ತಡವಾಗಿ ಕಲಿತವರೂ ಇದ್ದರೆಂದೇ ಅರ್ಥ. ಪಕ್ಕದ ಮನೆಯ ಮಗು ಹದಿನೆಂಟನೇ ತಿಂಗಳಿಗೇ ಕಲಿತಿತಂತೆ ಎಂಬ ಮಾತು ಕಿವಿಗೆ ಬಿದ್ದಾಗ ನಾನು ಇದನ್ನು ನೆನೆಸಿಕೊಳ್ಳುತ್ತಿದ್ದೆ. ಅಂತಹ ಮಾತುಗಳಲ್ಲಿ ಮಗು ಕಲಿತದ್ದೆಷ್ಟು, ಹೊತ್ತುಹೊತ್ತಿಗೆ ಕರೆದೊಯ್ಯಲು ಅಮ್ಮ ಕಲಿತದ್ದೆಷ್ಟು ಎಂಬುದು ಸಾಮಾನ್ಯವಾಗಿ ಸ್ಪಷ್ಟವಿರುವುದಿಲ್ಲ.

ಸಿದ್ಧತೆಯ ಗುರುತುಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥವೇ: ಡೈಪರ್ ಸುಮಾರು ಎರಡು ಗಂಟೆ ಒಣಗಿರುವುದು, ಸಣ್ಣಪುಟ್ಟ ಮಾತು ಹೇಳಿದರೆ ತಿಳಿದು ನಡೆಯುವುದು, ಚಡ್ಡಿಯನ್ನು ತಾನೇ ಕೆಳಗೆ ಜಾರಿಸಬಲ್ಲದ್ದಾಗಿರುವುದು, ಡೈಪರ್ ಹೊಲಸಾದರೆ ಕಿರಿಕಿರಿಪಡುವುದು. ನಮ್ಮವಳು ಕಕ್ಕ ಬಂದಾಗಲೆಲ್ಲ ಪರದೆಯ ಹಿಂದೆ ಹೋಗಿ, ಮುಖ ಕೆಂಪಗೆ ಮಾಡಿಕೊಂಡು, ಹತ್ತಿರ ಬರಬೇಡ ಎಂದು ಕೈಯಾಡಿಸುತ್ತಿದ್ದಳು. ದೇಹದ ಒಳಗಿನ ಸೂಚನೆ ಅವಳಿಗೆ ತಿಳಿಯುತ್ತಿದೆಯೆಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ನಾವು ಪಾಟಿಯನ್ನು ಆ ಪರದೆಯ ಹಿಂದೆಯೇ ತಂದಿಟ್ಟೆವು. ಮನೆ ಬದಲಾಯಿಸುತ್ತಿದ್ದರೆ, ಇನ್ನೊಂದು ಮಗು ಈಗ ತಾನೇ ಬಂದಿದ್ದರೆ, ಕಾಯಿಲೆಯಿಂದ ಎದ್ದಿದ್ದರೆ, ಕೆಲವು ವಾರ ಮುಂದೂಡುವುದರಿಂದ ಏನೂ ನಷ್ಟವಿಲ್ಲ.

ಊಟವಾದ ಹದಿನೈದು ಇಪ್ಪತ್ತು ನಿಮಿಷದ ನಂತರ ಕೂರಿಸುವುದು ಫಲಕಾರಿ, ಏಕೆಂದರೆ ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ಐದು ನಿಮಿಷ ಸಾಕು, ಬರದಿದ್ದರೆ ಎಬ್ಬಿಸಿಬಿಡಬೇಕು. ದೊಡ್ಡವರ ಕಮೋಡಿನ ಮೇಲೆ ಕೂರಿಸುವುದಾದರೆ ಚಿಕ್ಕ ಸೀಟಿನ ಜೊತೆಗೆ ಕಾಲಿಡಲು ಸ್ಟೂಲು ಇರಲೇಬೇಕು. ಕಾಲು ತೂಗಾಡುತ್ತಿರುವ ಮಗು ಬೀಳುವ ಭಯಕ್ಕೆ ಮೈ ಬಿಗಿಹಿಡಿದಿರುತ್ತದೆ, ಬಿಗಿಹಿಡಿದ ಮೈಯಿಂದ ಏನೂ ಹೊರಬರುವುದಿಲ್ಲ. ಪಾದ ಪೂರ್ತಿ ಊರಿ, ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರುವಂತೆ ಕುಳಿತರೆ ಸಲೀಸು. ಫ್ಲಶ್ ಸದ್ದಿಗೆ ಹೆದರುವ ಮಗುವಾದರೆ ಅದು ಹೊರಹೋದ ಮೇಲೆ ಫ್ಲಶ್ ಮಾಡಿದರಾಯಿತು. ಹೆಣ್ಣುಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ಒರೆಸಬೇಕೆಂಬುದನ್ನೂ, ಕೈಯನ್ನು ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ತೊಳೆಯಬೇಕೆಂಬುದನ್ನೂ ಮೊದಲ ದಿನದಿಂದಲೇ ರೂಢಿ ಮಾಡಿಸಿ.

ಮೂರನೆಯ ವಾರದಲ್ಲಿ ನಾವು ಎಡವಿದೆವು. ಉಚ್ಚೆ ಸರಾಗವಾಗಿತ್ತು, ಕಕ್ಕ ಮಾತ್ರ ನಾಲ್ಕು ದಿನವಾದರೂ ಇಲ್ಲ. ನಾನು ದಿನಕ್ಕೆ ಐದಾರು ಸಲ ಕೂರಿಸಿ, ‘ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ’ ಎಂದು ಪುಸಲಾಯಿಸುತ್ತಾ ಅರ್ಧ ಗಂಟೆ ಕಳೆಯುತ್ತಿದ್ದೆ. ಒಂದು ಸಲ ಗಟ್ಟಿಯಾಗಿ ಹೋಗಿ ನೋವಾದರೆ ಮಗು ಮುಂದಿನ ಸಲ ತಡೆಹಿಡಿಯುತ್ತದೆ. ತಡೆಹಿಡಿದಷ್ಟೂ ಕರುಳು ನೀರನ್ನು ಹೀರಿ ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಆಗ ಇನ್ನಷ್ಟು ನೋವು. ಈ ಸುಳಿಯಲ್ಲಿ ಪುಸಲಾವಣೆಯೂ ಒತ್ತಡವೇ. ಕೆಲವು ಮಕ್ಕಳಲ್ಲಿ ಗಟ್ಟಿಯಾಗಿ ನಿಂತ ಮಲದ ಪಕ್ಕದಿಂದ ನೀರಾಗಿ ಸೋರಿ ಚಡ್ಡಿ ಕೊಳೆಯಾಗುತ್ತದೆ, ಮನೆಯವರು ಅದನ್ನು ಭೇದಿಯೆಂದುಕೊಂಡು ತದ್ವಿರುದ್ಧ ಉಪಚಾರ ಮಾಡುತ್ತಾರೆ. ನಮ್ಮ ವೈದ್ಯರು ಪಾಟಿಯನ್ನು ಎರಡು ವಾರ ಕಣ್ಣಿಗೆ ಕಾಣದಂತೆ ಎತ್ತಿಡಿ, ಡೈಪರ್ ಕೇಳಿದರೆ ಕೊಡಿ, ಮೊದಲು ಮಲ ಮೆತ್ತಗಾಗಲಿ ಎಂದರು. ಮೆತ್ತಗಾಗಲು ಒಂದು ಔಷಧವನ್ನೂ ಬರೆದುಕೊಟ್ಟರು.

ಬ್ಲೆಂಡರ್ ಮತ್ತೆ ಕಥೆಯೊಳಗೆ ಬಂದದ್ದು ಹೀಗೆ. ಎರಡು ವರ್ಷ ದಾಟಿದ ಮಗುವಿಗೆ ದಿನಕ್ಕೆ ಬೇಕಾದ ನಾರಿನ ಅಂಶಕ್ಕೆ ಸುಲಭದ ಒಂದು ಲೆಕ್ಕವಿದೆ: ವಯಸ್ಸಿನ ವರ್ಷಗಳಿಗೆ 5 ಕೂಡಿಸಿದರೆ ಕನಿಷ್ಠ ಎಷ್ಟು ಗ್ರಾಂ ಎಂಬುದು ಬರುತ್ತದೆ. ಮೂರು ವರ್ಷಕ್ಕೆ 8 ಗ್ರಾಂ. ನಾನು ತರಕಾರಿ ಸೂಪನ್ನೂ ಹಣ್ಣಿನ ರಸವನ್ನೂ ನಯವಾಗಿ ಅರೆದು, ಅದು ಸಾಲದೆಂದು ಜಾಲರಿಯಲ್ಲಿ ಸೋಸಿ ಕೊಡುತ್ತಿದ್ದೆ. ಅರೆಯುವುದರಿಂದ ನಾರು ಸಣ್ಣದಾಗುತ್ತದೆಯೇ ಹೊರತು ಹೋಗುವುದಿಲ್ಲ. ಹೋಗುವುದು ಸೋಸಿದಾಗ, ಜಾಲರಿಯ ಮೇಲೆ ಉಳಿದದ್ದನ್ನು ಎಸೆದಾಗ. ಜಾಲರಿಯನ್ನು ಕೈಬಿಟ್ಟೆ. ಹಾಗೆಂದು ಎಲ್ಲವನ್ನೂ ಅರೆದು ಕುಡಿಸುವುದನ್ನು ನಾನು ಒಪ್ಪುವುದಿಲ್ಲ. ಹಲ್ಲು ಬಂದ ಮಗು ಅಗಿಯಬೇಕು, ಆದ್ದರಿಂದ ಈಗ ಎರಡೇ ಸಲ ಬಟನ್ ಒತ್ತಿ ಹೋಳುಗಳನ್ನು ಅಲ್ಲಲ್ಲಿ ಉಳಿಸುತ್ತೇನೆ. ನಾರಿನ ಜೊತೆಗೆ ನೀರೂ ಸಾಕಷ್ಟು ಹೋಗಬೇಕು. ಚಡ್ಡಿ ಒದ್ದೆಯಾಗುತ್ತದೆಂದು ನೀರು ಕಡಿಮೆ ಕೊಡುವುದು ಮಲಬದ್ಧತೆಯನ್ನು ಕರೆದು ಕೂರಿಸಿದಂತೆ. ದಿನವಿಡೀ ಹಾಲನ್ನೇ ಕುಡಿಯುವ ಮಗುವಿಗೆ ಊಟ ಸೇರುವುದಿಲ್ಲ, ಅದನ್ನೂ ಗಮನಿಸಿ. ಎರಡು ವಾರಕ್ಕೆಂದು ಎತ್ತಿಟ್ಟ ಪಾಟಿಯನ್ನು ಹನ್ನೊಂದನೆಯ ದಿನ ಅವಳೇ ಹುಡುಕಿ ಎಳೆದು ತಂದಳು.

ಆಮೇಲೂ ಚಡ್ಡಿ ಒದ್ದೆಯಾದ ದಿನಗಳಿದ್ದವು. ಆಟದಲ್ಲಿ ಮೈಮರೆತಾಗ, ಮನೆಗೆ ಯಾರಾದರೂ ಬಂದಾಗ ಅದು ಸಹಜ. ಬಯ್ಯಬಾರದು ಎಂಬುದು ಎಲ್ಲರಿಗೂ ಗೊತ್ತು. ಮುಖ ಗಂಟಿಕ್ಕಿ ನಿಟ್ಟುಸಿರುಬಿಡುವುದೂ ಬೈಗುಳವೇ ಎಂಬುದು ನನಗೆ ತಡವಾಗಿ ತಿಳಿಯಿತು. ‘ಒದ್ದೆಯಾಯಿತು, ಬದಲಾಯಿಸೋಣ ಬಾ’ ಎಂಬುದಕ್ಕಿಂತ ಹೆಚ್ಚು ಮಾತು ಬೇಕಾಗಿಲ್ಲ.

ರಾತ್ರಿಯದ್ದು ಬೇರೆಯೇ ಲೆಕ್ಕ. ನಿದ್ದೆಯಲ್ಲಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ಹಾರ್ಮೋನು, ಮೂತ್ರಕೋಶದ ಹಿಡಿತ, ತುಂಬಿದಾಗ ಎಚ್ಚರಗೊಳ್ಳುವ ಶಕ್ತಿ ಇವೆಲ್ಲ ಬೆಳೆಯುತ್ತಾ ಬರುವಂಥವು, ಕಲಿಸಿ ಬರುವಂಥವಲ್ಲ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದನ್ನು ವೈದ್ಯರು ಸಮಸ್ಯೆಯೆಂದೇ ಎಣಿಸುವುದಿಲ್ಲ. ಆದರೆ ಉಚ್ಚೆ ಮಾಡುವಾಗ ಉರಿ, ಮಲದಲ್ಲಿ ರಕ್ತ, ಆರು ತಿಂಗಳು ಒಣಗಿದ್ದ ಮಗು ಮತ್ತೆ ಒದ್ದೆ ಮಾಡಿಕೊಳ್ಳತೊಡಗುವುದು, ಅದರ ಜೊತೆಗೆ ವಿಪರೀತ ಬಾಯಾರಿಕೆ ಮತ್ತು ತೂಕ ಇಳಿಯುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೊನೆಯ ಎರಡು ಸಕ್ಕರೆ ಕಾಯಿಲೆಯ ಸೂಚನೆಯಾಗಿರಬಹುದು. ನಮ್ಮ ಮನೆಯಲ್ಲಿ ರಾತ್ರಿಯ ಡೈಪರ್ ಇನ್ನೂ ಮುಂದುವರಿದಿದೆ. ಹಾಸಿಗೆಯ ಮೇಲೆ ನೀರು ಇಳಿಯದ ಹೊದಿಕೆ, ಅದರ ಮೇಲೆ ಬಟ್ಟೆ, ಮತ್ತೊಂದು ಹೊದಿಕೆ, ಮತ್ತೊಂದು ಬಟ್ಟೆ ಹೀಗೆ ಎರಡು ಪದರ ಹಾಸಿಡುತ್ತೇವೆ. ನಡುರಾತ್ರಿ ಡೈಪರ್ ಸೋರಿದರೆ ಮೇಲಿನ ಪದರವನ್ನು ಸುರುಳಿ ಸುತ್ತಿ ಮೂಲೆಗೆ ಎಸೆದು, ದೀಪ ಹಾಕದೆಯೇ ಮತ್ತೆ ಮಲಗುತ್ತೇವೆ.