ಸಿದ್ದಾಪುರದ ಸಂತೆ, ಕರಡಿಗೋಡಿನ ದಂಡೆ

ಕೊಡಗಿನ ಕುಶಾಲನಗರದಲ್ಲಿ ಇಳಿದು ಸಿದ್ದಾಪುರದ ಬಸ್ಸು ಹತ್ತಿದೆವು. ಜೊತೆಗಿದ್ದವಳು ಮಾನವಶಾಸ್ತ್ರದ ಸಂಶೋಧಕಿ, ನನ್ನ ಹಳೆಯ ಗೆಳತಿ. ಕೂಲಿ ಅರಸಿ ಬಂದವರು ಎಷ್ಟು ವರ್ಷಕ್ಕೆ ಈ ಊರಿನವರಾಗುತ್ತಾರೆ, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಅವಳ ಅಧ್ಯಯನ. ನಂಜರಾಯಪಟ್ಟಣ ದಾಟಿದ ಮೇಲೆ ಎರಡೂ ಕಡೆ ರೊಬಸ್ಟಾ ಕಾಫಿ ತೋಟ. ಕೊಯ್ಲಿನ ಕಾಲವಾದರೂ ಭಾನುವಾರ ತೋಟಗಳಲ್ಲಿ ಆಳಿಲ್ಲ; ಎಲ್ಲರೂ ಸಂತೆಯಲ್ಲಿದ್ದರು.

ಸಿದ್ದಾಪುರದಲ್ಲಿ ಒಣಮೀನಿನವನ ಬಳಿ ಮಲಯಾಳ, ಸೊಪ್ಪಿನವಳ ಬಳಿ ತಮಿಳು, ಪಕ್ಕದಲ್ಲೇ ಕೊಡವ ತಕ್ಕ್, ನಡುವೆ ಅಸ್ಸಾಮಿನಿಂದ ಬಂದ ಹುಡುಗರ ಬಂಗಾಳಿ. ದಿನಸಿ ಅಂಗಡಿಯವರು ತೆಂಗಿನೆಣ್ಣೆಯ ಪಕ್ಕ ಸಾಸಿವೆ ಎಣ್ಣೆಯ ಬಾಟಲಿ ಸಾಲಾಗಿ ಇಟ್ಟಿದ್ದರು. "ಮೊದಲೆಲ್ಲ ಇದನ್ನು ಕೇಳುವವರೇ ಇರಲಿಲ್ಲ. ಈಗ ಸಂತೆ ದಿನ ಪೆಟ್ಟಿಗೆ ಪೆಟ್ಟಿಗೆ ಹೋಗ್ತದೆ" ಅಂದರು. ಅದೇ ಬೀದಿಯಲ್ಲಿ ಯಾರೋ ಆ ಹುಡುಗರನ್ನು ಬಾಂಗ್ಲಾದವರು ಅಂದದ್ದೂ ಕಿವಿಗೆ ಬಿತ್ತು. ನೋವಾಯಿತು. ಅವರಿಲ್ಲದೆ ಈ ಸಲದ ಹಣ್ಣು ಗಿಡದಲ್ಲೇ ಒಣಗುತ್ತಿತ್ತು.

ಹೊರಗಿನ ಆಳು ಕೊಡಗಿಗೆ ಹೊಸದಲ್ಲ. 1854ರಲ್ಲಿ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾದ ಮೇಲೆ ಮೈಸೂರು ಸೀಮೆಯಿಂದ, ತಮಿಳು ನಾಡಿನಿಂದ, ಮಲಬಾರಿನಿಂದ ಜನ ಬರುತ್ತಲೇ ಇದ್ದಾರೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಕ್ಕಕ್ಕೆ, ಅಂದರೆ ತಂದೆಯ ಕಡೆಯ ಕೂಡುಕುಟುಂಬಕ್ಕೆ, ದೊಡ್ಡ ಸ್ಥಾನ. ಬೆಂಗಳೂರಿನಲ್ಲಿ ನೆಲೆಸಿದ ಕೊಡವರೂ ಸುಗ್ಗಿಯ ಹಬ್ಬವಾದ ಪುತ್ತರಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಬಂದರೆ ಆ ಮನೆಯ ಮಕ್ಕಳೇ. ತೋಟದ ಆಳುಗಳ ಸಾಲುಮನೆಯಾದ ಲೈನ್ ಮನೆಯಲ್ಲಿ ಹುಟ್ಟಿದವರಿಗೆ ಆ ಭಾಗ್ಯವಿಲ್ಲ. ಕೆಲಸ ಇರುವ ತನಕ ಮನೆ, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು.

ಹಾಗೆ ಬಿಟ್ಟು ಬಂದ ಎಷ್ಟೋ ಮಂದಿ ಕಾವೇರಿ ದಂಡೆಯಲ್ಲೇ ಮನೆ ಕಟ್ಟಿಕೊಂಡರು. 2019ರ ಆಗಸ್ಟಿನ ಪ್ರವಾಹ ಕರಡಿಗೋಡು, ಗುಹ್ಯ, ಎದುರು ದಡದ ನೆಲ್ಯಹುದಿಕೇರಿಯ ಮನೆಗಳನ್ನು ಕೆಡವಿತು. ಕರಡಿಗೋಡಿನಲ್ಲಿ ಸಿಕ್ಕ ಅಜ್ಜಿ ಗೆಳತಿಯ ಕೈ ಹಿಡಿದು ಕೂರಿಸಿಕೊಂಡರು. "ನಮ್ಮಪ್ಪ ಸೇಲಂ ಕಡೆಯವರಂತೆ, ಆ ಊರನ್ನ ನಾನು ಕಣ್ಣಲ್ಲೂ ಕಂಡಿಲ್ಲ ಮಗಳೇ. ನಿಮ್ಮೂರು ಯಾವುದು ಅಂತಾರೆ. ಇದೇ ಅಂದ್ರೆ, ಹಕ್ಕುಪತ್ರ ಎಲ್ಲಿ ಅಂತಾರೆ." ಅವರ ಗೋಡೆಯ ಮೇಲೆ ನೀರು ನಿಂತ ಗೆರೆ ಕಿಟಕಿಗಿಂತ ಎತ್ತರದಲ್ಲಿತ್ತು; ಸುಣ್ಣ ಬಳಿದರೂ ಕಂದು ಬಣ್ಣ ಮತ್ತೆ ಮೇಲೆದ್ದಿತ್ತು.

ಹೊರಗಿನಿಂದ ಬಂದವರ ಪಾಡಷ್ಟೇ ಇದಲ್ಲ. ಇಲ್ಲಿಂದ ದೂರವೇನಿಲ್ಲದ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್ ಚಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದರು. ತಲೆತಲಾಂತರದಿಂದ ಈ ಕಾಡು, ತೋಟಗಳಲ್ಲಿ ಬದುಕಿದ ಯರವರೂ ಜೇನುಕುರುಬರೂ ತಮ್ಮ ನೆಲವನ್ನು ಸಾಬೀತು ಮಾಡಬೇಕಾಯಿತು. ಹೋರಾಟದ ನಂತರ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಸಿಕ್ಕಿತು. ನೆಲ ಕೇಳುವ ಹಕ್ಕು ಅವರಿಗಿಂತ ಹೆಚ್ಚು ಯಾರಿಗಿದೆ?

ಸಂಜೆ ಗೆಳತಿಯ ಪರಿಚಯದ ತೋಟದ ಲೈನ್ ಮನೆಗೆ ಹೋದೆವು. ಅಸ್ಸಾಮಿನ ಬರಪೇಟ ಕಡೆಯ ಕುಟುಂಬ. ತಾಯಿಯ ಮಾತನ್ನು ಸರ್ಕಾರಿ ಶಾಲೆಗೆ ಹೋಗುವ ಮಗಳು ಸಲೀಸಾಗಿ ಕನ್ನಡದಲ್ಲಿ ಹೇಳುತ್ತಿದ್ದಳು. ಅಕ್ಕಿ ಡಬ್ಬದ ಅಡಿಯಿಂದ ತಾಯಿ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಆಧಾರ್, ಮತದಾರರ ಚೀಟಿ, ಮಡಿಕೆಯಲ್ಲಿ ಹರಿದು ಟೇಪ್ ಅಂಟಿಸಿದ ಹಳೆಯ ಜಮೀನು ಕಾಗದದ ನಕಲು. ಕರಡಿಗೋಡಿಗೆ ನೀರು ನುಗ್ಗಿದ ಅದೇ ತಿಂಗಳ 31ರಂದು ಅಸ್ಸಾಮಿನ ಪೌರತ್ವ ನೋಂದಣಿಯ ಕೊನೆಯ ಪಟ್ಟಿ ಬಂತು, 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಇವರ ಹೆಸರು ಇತ್ತಂತೆ, ಅಣ್ಣನದು ಇರಲಿಲ್ಲವಂತೆ. ಅಂದಿನಿಂದ ಎಲ್ಲಿಗೆ ಹೋದರೂ ಕವರ್ ಜೊತೆಗೇ.

ಅವರು ನಮ್ಮನ್ನು ಕೇಳಿದ್ದು ಒಂದೇ: ಊರಿನ ರೇಷನ್ ಕಾರ್ಡಿಗೆ ಇಲ್ಲಿ ಅಕ್ಕಿ ಕೊಡುತ್ತಾರಾ? 2022ರ ಜೂನ್‌ನಲ್ಲಿ ಅಸ್ಸಾಮೂ 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಗೆ ಸೇರಿದೆ, ಆಧಾರ್ ಜೋಡಣೆ ಆಗಿದ್ದರೆ ಇಲ್ಲೂ ಸಿಗುತ್ತದೆ, ಊರಲ್ಲಿರುವ ಅತ್ತೆಯ ಪಾಲನ್ನು ಅತ್ತೆ ಅಲ್ಲೇ ಪಡೆಯಬಹುದು ಎಂದು ಗೆಳತಿ ನಿಧಾನವಾಗಿ ವಿವರಿಸಿದಳು. ಮಗಳು ಎರಡೆರಡು ಸಲ ಕೇಳಿ ತಾಯಿಗೆ ಹೇಳಿದಳು. ರೇಷನ್ ಅಂಗಡಿಗೆ ಹೋದರೆ ಅರ್ಧ ದಿನದ ಕೊಯ್ಲು ತಪ್ಪುತ್ತದಲ್ಲ ಎಂದು ತಾಯಿ ಹಿಂದೇಟು ಹಾಕಿದಾಗ ಬಾಗಿಲಲ್ಲಿ ನಿಂತಿದ್ದ ತೋಟದ ಲೆಕ್ಕ ಬರೆಯುವ ರೈಟರ್, "ಬೆಳಗ್ಗೆಯೇ ನಾನು ಬೈಕಲ್ಲಿ ಕರ್ಕೊಂಡು ಹೋಗ್ತೇನೆ, ಬೇಗ ಬಂದು ಕೊಯ್ಯಬಹುದು" ಅಂದರು. ಗೆಳತಿ ಕಾರ್ಡಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟಳು.