ಜೀನ್ಸಿನ ನೀಲಿಯೂ ಕಣ್ಣಿನ ಬಣ್ಣದ ಅಣುವೂ

ಬಳ್ಳಾರಿಯಲ್ಲಿ ರಸಾಯನಶಾಸ್ತ್ರ ಕಲಿಸುವವರು ಬಣ್ಣದ ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಜೀನ್ಸ್ ವಾಷಿಂಗ್ ಘಟಕಗಳಲ್ಲಿ ಪ್ಯಾಂಟುಗಳಿಂದ ಬಿಡುವ ಇಂಡಿಗೊ ಎಂಬ ನೀಲಿ ಬಣ್ಣ ಕಣ್ಣೆದುರಿಗೇ ಇದೆ. ಪಾಠ ಮಾಡುವಾಗ ಅದರ ಪಕ್ಕದಲ್ಲಿ ನಾನು ಇಡುವುದು 'ಎ' ಜೀವಸತ್ವದಿಂದ ನಮ್ಮ ದೇಹ ತಯಾರಿಸಿಕೊಳ್ಳುವ ರೆಟಿನಾಲ್ಡಿಹೈಡ್ ಅಣುವನ್ನು. ಕಣ್ಣಿಗೆ ಬಿದ್ದ ಬೆಳಕನ್ನು ಮೊದಲು ಹೀರುವುದು ಅದೇ.

ಎರಡಕ್ಕೂ ಬಣ್ಣ ಬರುವುದು ಪರಮಾಣುಗಳ ನಡುವೆ ಏಕಬಂಧ, ದ್ವಿಬಂಧಗಳು ಒಂದಾದ ಮೇಲೊಂದು ಬರುವ ರಚನೆಯಿಂದ. ಬಿಡಿ ರೆಟಿನಾಲ್ಡಿಹೈಡ್ ಸುಮಾರು 380 ನ್ಯಾನೊಮೀಟರ್ ತರಂಗಾಂತರದ, ಅಂದರೆ ನೇರಳಾತೀತದ ಅಂಚಿನ ಬೆಳಕನ್ನು ಹೀರುತ್ತದೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕಣ್ಣಿನ ರಾಡ್ ಕೋಶಗಳಲ್ಲಿ ಅದು ಆಪ್ಸಿನ್ ಎಂಬ ಪ್ರೊಟೀನಿಗೆ ನೈಟ್ರೊಜನ್ ಮೂಲಕ ಬೆಸೆದುಕೊಂಡು ಧನಾವೇಶ ಪಡೆದಾಗ ಈ ಅಂಕಿ 500ರ ಸಮೀಪಕ್ಕೆ, ಅಂದರೆ ನೀಲಿ-ಹಸಿರು ಬೆಳಕಿಗೆ, ಏರುತ್ತದೆ. ಫೋಟೊ ಫಿಲ್ಮಿನಲ್ಲಿ ಬಳಸುತ್ತಿದ್ದ ಸಯನೈನ್ ಬಣ್ಣಗಳಲ್ಲಿಯೂ ಇಂಗಾಲದ ಸರಪಳಿಯ ಉದ್ದಕ್ಕೂ ಹೀಗೆಯೇ ಧನಾವೇಶ ಹಂಚಿಹೋಗಿರುತ್ತದೆ.

ನನ್ನನ್ನು ಹೆಚ್ಚು ಸೆಳೆಯುವುದು ಬೆಳಕನ್ನು ಹೀರಿದ ನಂತರ ನಡೆಯುವ ಸಂಗತಿ. ರೆಟಿನಾಲ್ಡಿಹೈಡಿನ 11ನೆಯ ಇಂಗಾಲದ ಬಳಿ ಬಾಗಿರುವ ದ್ವಿಬಂಧವು ಸುಮಾರು 200 ಫೆಮ್ಟೊಸೆಕೆಂಡುಗಳಲ್ಲಿ, ಅಂದರೆ ಒಂದು ಸೆಕೆಂಡಿನ ಐದು ಲಕ್ಷ ಕೋಟಿಯ ಒಂದು ಪಾಲಿನಲ್ಲಿ, ತಿರುಗಿ ನೇರವಾಗುತ್ತದೆ. ಹೀರಿದ ಮೂರು ಫೋಟಾನುಗಳಲ್ಲಿ (ಬೆಳಕಿನ ಕಣಗಳಲ್ಲಿ) ಸುಮಾರು ಎರಡು ಈ ಕೆಲಸಕ್ಕೆ ಒದಗುತ್ತವೆ. ಇಂಡಿಗೊದ ನಡುವೆಯೂ ಅಂಥದೇ ಒಂದು ದ್ವಿಬಂಧವಿದೆ, ಆದರೆ ಅದು ತಿರುಗುವುದಿಲ್ಲ. ನೈಟ್ರೊಜನ್ನಿಗೆ ಅಂಟಿದ ಹೈಡ್ರೊಜನ್ ಎದುರಿನ ಆಮ್ಲಜನಕಕ್ಕೆ ಜಿಗಿದು, ಹೀರಿದ ಶಕ್ತಿಯೆಲ್ಲ ಕ್ಷಣಾರ್ಧಕ್ಕೂ ಮೊದಲೇ ಶಾಖವಾಗಿ ಹೋಗುತ್ತದೆ, ಅಣು ಇದ್ದಂತೆಯೇ ಉಳಿಯುತ್ತದೆ. ನೈಟ್ರೊಜನ್ನಿನ ಜಾಗದಲ್ಲಿ ಗಂಧಕವಿರುವ ಥಯೊಇಂಡಿಗೊದಲ್ಲಿ ಜಿಗಿಯಲು ಆ ಹೈಡ್ರೊಜನ್ ಇಲ್ಲ. ಬೆಳಕು ಬಿದ್ದರೆ ಅದರ ದ್ವಿಬಂಧ ತಿರುಗಿಯೇಬಿಡುತ್ತದೆ. ಒಂದೇ ಬಗೆಯ ಪರಮಾಣುವಿನ ವ್ಯತ್ಯಾಸ ಇಷ್ಟು ಮಾಡಬಲ್ಲದೆಂಬುದು ನನಗೆ ಇಂದಿಗೂ ಅತ್ಯಂತ ಸುಂದರವಾದ ಪಾಠ.

ಇಂಡಿಗೊ ಹೀಗೆ ಹೀರಿದ ಶಕ್ತಿಯನ್ನು ಶಾಖವಾಗಿಸಿಬಿಡುವುದರಿಂದಲೇ ನಮ್ಮ ಕಡೆಯ ಬಿಸಿಲಿಗೂ ಜೀನ್ಸಿನ ನೀಲಿ ಬೇಗ ಸೋಲುವುದಿಲ್ಲ. ಘಟಕದವರು ಅದನ್ನು ಬಿಳಿಚಿಸಲು ಬ್ಲೀಚನ್ನೋ ಪರ್ಮಾಂಗನೇಟನ್ನೋ ಬಳಸಿ ಅಣುವನ್ನೇ ಮುರಿಯಬೇಕಾಗುತ್ತದೆ. ಕಣ್ಣಿನ ಅಣುವಾದರೋ ಪ್ರತಿ ಸಲ ಬೆಳಕನ್ನು ಹಿಡಿದ ಮೇಲೆ ಪ್ರೊಟೀನಿನಿಂದ ಕಳಚಿಕೊಂಡು, ರೆಟಿನಾದ ಹಿಂದಿನ ಕೋಶಪದರಕ್ಕೆ ಹೋಗಿ, ಮತ್ತೆ ಬಾಗಿ ಬರಬೇಕು. ಬಿಸಿಲಿನಿಂದ ಕತ್ತಲೆಯ ಕೋಣೆಗೆ ಬಂದವರ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕಾಗುವುದು ಇದಕ್ಕಾಗಿಯೇ. ಈ ಸುತ್ತಿನಲ್ಲಿ ಆಗುವ ನಷ್ಟವನ್ನು ಆಹಾರ ತುಂಬದಿದ್ದರೆ ಇರುಳುಗುರುಡು ಬರುತ್ತದೆ. 9 ತಿಂಗಳಿನಿಂದ 5 ವರ್ಷದವರೆಗೆ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಕುಡಿಸುವ 'ಎ' ಜೀವಸತ್ವದ ಔಷಧಿಯನ್ನು ದಯವಿಟ್ಟು ತಪ್ಪಿಸಬೇಡಿ. ನುಗ್ಗೆ ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್ ನಮ್ಮ ಕರುಳಿನಲ್ಲಿ ಸರಿಯಾಗಿ ನಡುವೆ ಸೀಳಿ ಎರಡು ರೆಟಿನಾಲ್ಡಿಹೈಡ್ ಅಣುಗಳಾಗುತ್ತದೆ. ಅದು ದೇಹಕ್ಕೆ ಹತ್ತಬೇಕಾದರೆ ಪಲ್ಯಕ್ಕೆ ತುಸು ಎಣ್ಣೆಯಿರಬೇಕು.